ಸತ್ತವನ ಪರವಾಗಿ ಕ್ಷಮೆ ಕೇಳಿಸುವ ಸಾಹೇಬರಿಗೆ

ಶಿಕ್ಷಣ ಇಲಾಖೆಯ ಮಾನ್ಯ ನಿರ್ದೇಶಕರೇ,

ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ನನ್ನ ಹೆಂಡತಿಯನ್ನು ತಾವು ಅಮಾನತು ಮಾಡಿ ಮನೆಯಲ್ಲಿ ಕೂರಿಸಿದ್ದೀರಿ. ಆಕೆಯ ಘೋರ ಅಪರಾಧವೆಂದರೆ ತಮ್ಮ ಇಲಾಖೆಯೇ ಪಠ್ಯಕ್ಕೆ ಹಾಕಿದ್ದ ಪಾಠವನ್ನು ಪಾಠ ಮಾಡಿದ್ದು.

ಅದೇನು ಪಾಠವೆಂದು ಊರಿಗೂ ತಿಳಿಯಲಿ. ಒಬ್ಬ ಇಂಗ್ಲಿಷ್ ಕಾದಂಬರಿಕಾರ ತನ್ನ ಕಾಲದ ಮಂತ್ರಿಗಳನ್ನು ಗೇಲಿ ಮಾಡಲು ಬರೆದ ಕಥೆ. ಅಂಗಳದ ಹಕ್ಕಿಗಳಿಗೆಲ್ಲ ಒಂದು ಗಂಡು ಹೆಬ್ಬಾತು ಯಜಮಾನ. ನರಿ ಬಂದು ಬಾತುಗಳನ್ನು ಹೊತ್ತೊಯ್ದಾಗಲೆಲ್ಲ ಅದು ಗಂಟಲು ಸರಿಮಾಡಿಕೊಂಡು, ‘ಅವರು ಸ್ವಇಚ್ಛೆಯಿಂದ ಹೋಗಿದ್ದಾರೆ’ ಎಂದು ಘೋಷಿಸುತ್ತದೆ. ಆಕೆ ಆ ಸಾಲು ಓದುವ ಹೊತ್ತಿಗೇ, ತಪಾಸಣೆಗೆಂದು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ ತಾವೂ ಗಂಟಲು ಸರಿಮಾಡಿಕೊಂಡಿರಿ. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇನ್ನೇನು, ಅಳಬೇಕಿತ್ತೇ?

ಮರುದಿನ ತಮ್ಮ ಕೊಠಡಿಯಲ್ಲಿ ವಿಚಾರಣೆ. ಜೊತೆಗೆ ಬಂದಿದ್ದ ನಾನು ಬಾಗಿಲ ಬಳಿಯೇ ನಿಂತಿದ್ದೆ.

“ಯಾರ್ರೀ ಈ ಹೆಬ್ಬಾತು?” ಎಂದು ಗುಡುಗಿದಿರಿ.

“ಕಥೇಲಿ ಬರೋ ಹೆಬ್ಬಾತು ಸರ್” ಎಂದಳು ಆಕೆ.

“ನನ್ನ ಬಗ್ಗೆ ಬರೆದೋನನ್ನ ಕರೆಸ್ರೀ ಇಲ್ಲಿಗೆ!”

“ಅವರು ಸತ್ತು ನೂರು ವರ್ಷದ ಮೇಲಾಯ್ತು ಸರ್.”

“ಹಾಗಾದ್ರೆ ಅವನ ಪರವಾಗಿ ನೀವೇ ಕ್ಷಮೆ ಕೇಳಿ.”

ಅಯ್ಯೋ ಸ್ವಾಮಿ! ಆ ಪುಣ್ಯಾತ್ಮ ಬರೆಯುವಾಗ ತಮ್ಮ ಅಜ್ಜನೇ ಹುಟ್ಟಿರಲಿಲ್ಲ. ಅಷ್ಟು ಹಿಂದೆಯೇ ತಮ್ಮ ಕೆಮ್ಮು ಸಮುದ್ರದಾಚೆ ಅವನಿಗೆ ಕೇಳಿಸಿತೇ? ಅಧಿಕಾರದಲ್ಲಿದ್ದವರು ಸುಳ್ಳು ಹೇಳುವ ಮುಂಚೆ ಹೇಗೆ ಗಂಟಲು ಸರಿಮಾಡಿಕೊಳ್ಳುತ್ತಾರೆಂದು ಅವನು ಕಂಡಿದ್ದ. ನೇರವಾಗಿ ಬರೆದರೆ ಜೈಲು, ಅದಕ್ಕೇ ರೆಕ್ಕೆಪುಕ್ಕ ಕಟ್ಟಿದ. ವಿಡಂಬನೆಯೆಂದರೆ ಇಷ್ಟೇ. ಆ ಪುಕ್ಕವನ್ನು ತಾವಾಗಿಯೇ ಎತ್ತಿ ಮೈಗೆ ಅಂಟಿಸಿಕೊಂಡರೆ ಪಾಠ ಮಾಡಿದವಳೇನು ಮಾಡಿಯಾಳು?

ಆಕೆ ಕ್ಷಮೆ ಕೇಳದ್ದಕ್ಕೆ ಅಮಾನತಾಯಿತು; ಈಗ ತಮ್ಮ ಕಚೇರಿಯದು ಹೊಸ ಷರತ್ತು. ‘ಕಥೆಯ ಹೆಬ್ಬಾತಿಗೂ ಮಾನ್ಯ ನಿರ್ದೇಶಕರಿಗೂ ಯಾವುದೇ ಹೋಲಿಕೆ ಇರುವುದಿಲ್ಲ’ ಎಂದು ಆಕೆ ತರಗತಿಯಲ್ಲಿ ಗಟ್ಟಿಯಾಗಿ ಸಾರಿದರೆ ಕೆಲಸ ವಾಪಸ್ಸು. ತಲೆ ನೆಟ್ಟಗಿದ್ದವರು ಹೇಳಿಸುವ ಮಾತೇ ಇದು? ರೋಸಿಹೋಗಿ ನಾನೇ ಅಂದೆ, “ಹೇಳಿಬಿಡು ಅತ್ಲಾಗೆ, ಪೀಡೆ ತೊಲಗ್ಲಿ.” ಮದುವೆಯಾದಾಗಿನಿಂದ ಆಕೆ ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. “ಹೆದರ್ಕೊಂಡು ಅದನ್ನ ಹೇಳಿದ ಮೇಲೆ ಆ ಮಕ್ಕಳಿಗೆ ಇನ್ನೇನು ಪಾಠ ಮಾಡ್ಲಿ ರೀ?” ಅಂದಳು. ತಮ್ಮ ಮೇಲೆ ಮೈಯೆಲ್ಲ ಉರಿಯಿತು.

ಆದ್ದರಿಂದ ಕೇಳುವುದು ಇಷ್ಟೇ. ಅಮಾನತು ರದ್ದಾಗಲಿ, ಆಕೆ ಯಾವ ಷರತ್ತೂ ಇಲ್ಲದೆ ತನ್ನ ತರಗತಿಗೆ ಮರಳಲಿ. ಹೋಲಿಕೆಯಿಲ್ಲವೆಂದು ಸಾರಲೇಬೇಕಿದ್ದರೆ ತಾವೇ ಆ ಹುಡುಗರ ಮುಂದೆ ನಿಂತು ಸಾರಿ. ಅಂಥ ಸುಳ್ಳನ್ನು ಆಕೆಯ ಬಾಯಲ್ಲಿ ಹೇಳಿಸಬೇಡಿ.

ಇಂತಿ,
ತಾವು ತೋರಿಸಿಕೊಡುವವರೆಗೂ ಆ ಹೋಲಿಕೆ ಹೊಳೆಯದೇ ಇದ್ದ ಮಂದಬುದ್ಧಿಯವನು,
ಆಕೆಯ ಗಂಡ