ದಿಂಬಿನ ಮೇಲಿನ ಚಾಕೊಲೇಟು

ಭಾನುವಾರ, ಸಂಜೆ

ಮಹಾಜನಗಳೇ! ಮುಂದಿನ ಸಾಲಿನ ಹಿರಿಯರೇ, ಹಿಂದೆ ಗೋಡೆಗೊರಗಿ ನಿಂತವರೇ, ನಿಶ್ಶಬ್ದ! ಪರದೆ ಏಳುತ್ತಿದೆ!

ನಗಬೇಡ ಕಣೇ. ಕಾಗದ ಹಿಡಿದರೂ ನನಗೆ ಮೊದಲು ಸಭೆಯೇ ಕಾಣುತ್ತದೆ. ಆದರೆ ಇವತ್ತಿನ ಸಭೆಗೆ ನೀನೊಬ್ಬಳೇ. ಮಗಳು ಪಕ್ಕದಲ್ಲಿದ್ದರೆ ಈ ಹಾಳೆ ಮಡಚಿಡು; ನಿನ್ನ ತಂಗಿಗೂ ಈಗಲೇ ತೋರಿಸಬೇಡ. ಫೋನ್ ಮಾಡಿದರೆ ಮಗಳೇ ಎತ್ತಿ ಸ್ಪೀಕರಿಗೆ ಹಾಕುತ್ತಾಳೆ. ಅದಕ್ಕೇ ಈ ಕಾಗದ, ಬಸ್ಸಿನ ಡ್ರೈವರ್ ಕೈಯಲ್ಲಿ.

ಅಂಕ ಒಂದು: ಅಡುಗೆಮನೆ! ನೀವಿಬ್ಬರೂ ನಿನ್ನ ತಂಗಿಯ ಮನೆಯಿಂದ ವಾಪಸ್ಸು ಬರುವಷ್ಟರಲ್ಲಿ ಏನಾದರೂ ಮಾಡಿ ಬೆರಗುಗೊಳಿಸೋಣ ಅಂತ ಹೊರಟೆ. ಮಗಳ ಮೇಜಿನ ಡ್ರಾಯರಿನಲ್ಲಿ ತಿಂದು ಉಳಿದ ಚಾಕೊಲೇಟ್ ಬಾರುಗಳು ರಾಶಿ ಬಿದ್ದಿದ್ದವು. ಬಿಸಾಡುವುದೇಕೆ, ಬಿಸ್ಕತ್ತು ಮಾಡೋಣ! ಬೆಣ್ಣೆಗೂ ಸಕ್ಕರೆಗೂ ಕುಸ್ತಿ ಹಚ್ಚಿದೆ. ಮೀಸೆಗೆಲ್ಲ ಮೈದಾ ಮೆತ್ತಿ, ಮುದಿ ರಾಜನ ಮೇಕಪ್ಪು ಪುಕ್ಕಟೆ ಆಯಿತು. ಬಾರುಗಳನ್ನು ಕೊಚ್ಚಿ ಕಲಸಿ, ಉಂಡೆ ಮಾಡಿ ತಟ್ಟಿ, ಓವನ್ನಿಗೆ ತಳ್ಳಿದೆ. ಅಂಚಿನಲ್ಲಿ ಕ್ಯಾರಮೆಲ್ ಕರಗಿ ಗುಳುಗುಳು ಕುದಿಯುತ್ತಿತ್ತು. ಆಗ ಬಂತು ನಿನ್ನ ಫೋನು.

"ರೀ, ಇನ್ನಾದ್ರೂ ಅವಳ ದಿಂಬಿನ ಮೇಲೆ ಚಾಕೊಲೇಟ್ ಇಡೋದು ನಿಲ್ಸಿ. ಇಲ್ಲಿ ಹಲ್ಲುನೋವು ಅಂತ ಮುಖ ಊದಿಸ್ಕೊಂಡು ಕೂತಿದಾಳೆ" ಅಂದೆ. "ಅಪ್ಪಣೆ ಮಹಾರಾಣಿ" ಅಂತ ನಗಾಡಿ ಫೋನ್ ಇಟ್ಟೆ.

ನಾನು ಇಟ್ಟಿಲ್ಲ ಕಣೇ. ಒಂದನ್ನೂ ಇಟ್ಟಿಲ್ಲ.

ನೀನೇ ಇಡುತ್ತಿದ್ದೀಯ ಅಂತ ತಿಳಿದಿದ್ದೆ. ಅವಳು ಸ್ಕೂಲಿಂದ ಬಂದು, "ಅಪ್ಪಾ, ನೀವೇ ತಾನೇ?" ಅಂತ ಕೊರಳಿಗೆ ಜೋತುಬಿದ್ದಾಗ ಇಲ್ಲ ಅನ್ನಲು ನಾಲಿಗೆ ಏಳಲಿಲ್ಲ. ಎದೆಗೆ ಕೈಯಿಟ್ಟು ಬಾಗಿದೆ. ಚಪ್ಪಾಳೆ ಯಾರಿಗೆ ಬಿದ್ದರೂ ಬಾಗುವ ಚಟ ನನಗೆ. ನಾನು ಬಾಗಿದ್ದಕ್ಕೇ ಅವಳು ಹೆದರಲಿಲ್ಲ. ಹೆದರದೆ ತಿಂದಳು.

ಅವಳ ಕೋಣೆಗೆ ಓಡಿದೆ. ದಿಂಬಿನ ನಡುಮಧ್ಯೆ ಹೊಸದೊಂದು ಬಾರು, ಮಗುವನ್ನು ಮಲಗಿಸಿದ ಹಾಗೆ. ಬೆಳಗ್ಗೆ ಡ್ರಾಯರ್ ತೆಗೆದಾಗ ಅದು ದಿಂಬಿನ ಮೇಲಿರಲಿಲ್ಲ. ನಡುವೆ ಬೆಣ್ಣೆ ತರಲು ಅಂಗಡಿಗೆ ಹೋಗಿದ್ದೆ, ಅಷ್ಟೇ. ಬೀಗ ಸರಿಯಾಗಿದೆ. ಕಿಟಕಿಯ ಸರಳು ಅಲುಗಿಲ್ಲ.

ಕೀಲಿಕೈ ಒಂದು ನಿನ್ನ ಹತ್ತಿರ, ಒಂದು ನನ್ನ ಹತ್ತಿರ. ಇನ್ನೊಂದು ಮಹಡಿ ಮೇಲಿನ ಮಾಲೀಕರ ಹತ್ತಿರ. ನಲ್ಲಿ ಸೋರಿದರೆ ತಾವೇ ಇಳಿದು ಬಂದು ರಿಪೇರಿ ಮಾಡುವ ಮನುಷ್ಯ. ಅವಳನ್ನು ಮೊಮ್ಮಗಳೇ ಅಂತ ಕರೆಯುವವರು. ಸಂಶಯಪಡಲು ನಾಚಿಕೆಯಾಗುತ್ತದೆ. ಆದರೂ ಒಂದು ತಟ್ಟೆ ಬಿಸ್ಕತ್ತು ಹಿಡಿದು ಈಗ ಮೇಲೆ ಹೋಗುತ್ತೇನೆ. ಒಳಗೇನು ಹಾಕಿದ್ದೇನೆ ಅಂತ ಹೇಳುವುದಿಲ್ಲ. ಮುಖ ನೋಡುತ್ತೇನೆ. ನಾನಂತೂ ಒಂದು ಚೂರೂ ಬಾಯಿಗಿಟ್ಟಿಲ್ಲ.

ಇಂತಿ,
ನಿನ್ನ ರಾಜಪಾತ್ರದವನು

ತಾ.ಕ.: ಮೇಲಿಂದ ಇಳಿದು ಬಂದು ಬರೆಯುತ್ತಿದ್ದೇನೆ. ಅವರು ಒಂದು ಬಿಸ್ಕತ್ತು ಮುರಿದರು, ಮೂಸಿದರು. "ಅಯ್ಯೋ, ಇವನ್ನ ಬೇಯಿಸಿಬಿಟ್ರಾ? ಮಗೂಗೆ ಕಡಲೆಬೀಜದ್ದು ಸೇರಲ್ಲ ಅಂತ ನಾನು ಹುಡುಕಿ ಹುಡುಕಿ..." ಅಂದವರು ತಟಕ್ಕನೆ ನಿಲ್ಲಿಸಿದರು. ಆಮೇಲೆ ನಕ್ಕು, "ಯಾವಾಗ ಬರ್ತಾಳೆ?" ಅಂದರು. ನಾನೂ ನಕ್ಕು, "ನಾಳಿದ್ದು" ಅಂದೆ.

ಬರಬೇಡಿ. ನಾನು ಹೇಳುವವರೆಗೆ ಅಲ್ಲೇ ಇರಿ. ಅವಳನ್ನು ನಿನ್ನ ಪಕ್ಕದಲ್ಲೇ ಮಲಗಿಸಿಕೊಂಡು ಮೆಲ್ಲಗೆ ಕೇಳು: ಚಾಕೊಲೇಟ್ ಬಿಟ್ಟು ಬೇರೇನಾದರೂ ಆಗಿದೆಯಾ ಅಂತ. ಈಗ ತಲೆಯ ಮೇಲೆ ಅವರ ಹೆಜ್ಜೆ ಕೇಳುತ್ತಿದೆ. ಅವಳ ಕೋಣೆಯ ಮೇಲಕ್ಕೆ ಬಂದು ನಿಂತಿತು. ಠಾಣೆಗೆ ಫೋನ್ ಮಾಡಿದೆ, ಬೆಳಗ್ಗೆ ಬನ್ನಿ ಅಂದರು. ನಾಳೆ ಬೆಳಗ್ಗೆ ಆ ಬಾರನ್ನು ಕವರಿನಲ್ಲಿ ಹಿಡಿದು ಠಾಣೆಯ ಮೆಟ್ಟಿಲು ಹತ್ತುತ್ತೇನೆ. ದನಿ ಏರಿಸದೆ, ಕೈ ಬೀಸದೆ, ನಾನು ಬಾಗಿದ್ದನ್ನೂ ಸೇರಿಸಿ ಎಲ್ಲವನ್ನೂ ಹೇಳುತ್ತೇನೆ.