ಮುಚ್ಚಳಕ್ಕೆ ಬೀಗ

ಚಾಮರಾಜಪೇಟೆ, ಬೆಂಗಳೂರು
೧೯೫೦ನೇ ಇಸವಿ ಜೂನ್, ಭಾನುವಾರ ಸಂಜೆ

ಮಗಳೇ ಮಹಾನಂದ,

ಮೊದಲು ರೂಢಿಯಂತೆ 'ಚಿರಂಜೀವಿ ಸೌಭಾಗ್ಯವತಿ' ಎಂದು ಬರೆದುಬಿಟ್ಟಿದ್ದೆ. ಆ ಹಾಳೆಯನ್ನು ಹರಿದುಹಾಕಿ ಇದನ್ನು ತೆಗೆದುಕೊಂಡೆ. ನೀನು ತೀರಿಕೊಂಡು ಎಂಟು ತಿಂಗಳಾಯಿತು. ನೀನು ನನಗೆ ಬರೆದ ಕಾರ್ಡಿಗೆ ಈಗ ಉತ್ತರ ಬರೆಯುತ್ತಿದ್ದೇನೆ.

ಬಟ್ಟೆ ಒಗೆಯುವ ಆ ಯಂತ್ರವನ್ನು ಮನೆಗೆ ತಂದವನು ನಾನು. ನೀನು ಸೊಸೆಯಾಗಿ ಬರುವ ಮೊದಲು, ದಂಡಿನ ಬಿಳಿಯ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಅವನ ಸಾಮಾನಿನ ಹರಾಜಿನಲ್ಲಿ ಹಿಡಿದದ್ದು. ನಾಲ್ಕು ಕಾಲಿನ ಮೇಲೆ ಬಿಳಿ ತೊಟ್ಟಿ, ಒಳಗೆ ನಡುವೆ ತಿರುಗುವ ಗೂಟ, ಮೇಲೆ ಬಟ್ಟೆ ಹಿಂಡಲು ಎರಡು ರಬ್ಬರ್ ಉರುಳೆ. ಕರೆಂಟು ಕೊಟ್ಟರೆ ಇಡೀ ಬಚ್ಚಲು ಗುಡುಗುತ್ತಿತ್ತು. ನಮ್ಮ ಬೀದಿಯಲ್ಲಿ ಅಂಥದ್ದು ಯಾರಲ್ಲೂ ಇರಲಿಲ್ಲ. ನಿಮ್ಮತ್ತೆ ಅದಕ್ಕೆ ವಿಭೂತಿ ಬಳಿದು ಹೂವಿಟ್ಟಳು. ಇಪ್ಪತ್ತು ವರ್ಷ ನಮ್ಮ ಬಟ್ಟೆ ಒಗೆದಿದ್ದ ಲಕ್ಕಮ್ಮನಿಗೆ ಇನ್ನು ಬರಬೇಡ ಎಂದಳು. ಪಕ್ಕದ ಮನೆಯವರು ಮುಚ್ಚಳ ತೆಗೆದು ಇಣುಕುತ್ತಾರೆ, ಬೀಗ ಬೇಕು ಎಂದಳು. ಕೊಂಡಿ ಕೂರಿಸಿದವನೂ ನಾನೇ. ಒಗೆದು ಮುಗಿದ ಕೂಡಲೇ ಮುಚ್ಚಿ, ಬೀಗ ಹಾಕಿ, ಮೇಲೆ ಕೆಂಪು ಮಕಮಲ್ಲು ಹೊದಿಸುವುದು ಮನೆಯ ಪದ್ಧತಿಯಾಯಿತು. ಪೇಟೆಯಲ್ಲಿ ಮೂರು ತಲೆಮಾರು ರೇಷ್ಮೆ ಮಾರಿದವರು ನಾವು. ಒಳ್ಳೆಯ ಸಾಮಾನನ್ನು ಮುಚ್ಚಿಡುವುದೊಂದೇ ನಮಗೆ ಗೊತ್ತಿದ್ದ ಜೋಪಾನ.

ನೀನು ಬಂದ ಮೇಲೆ ಯಂತ್ರದ ಕೆಲಸ ನಿನಗೆ ಬಿತ್ತು. ವರ್ಷ ತುಂಬುವುದರೊಳಗೆ ಬಟ್ಟೆಗಳಲ್ಲಿ ಮುಗ್ಗಲು ವಾಸನೆ ಶುರುವಾಯಿತು. ಒಗೆದು ಒಣಗಿಸಿದ ಪಂಚೆಯಲ್ಲಿ ನೆಂದ ಗೋಣಿಚೀಲದ ವಾಸನೆ. "ನಿಮ್ಮಪ್ಪನ ಮನೇಲಿ ಬಟ್ಟೆ ಹಿಂಡೋದು ಕಲಿಸ್ಲಿಲ್ವೇನೆ? ತುಮಕೂರಲ್ಲಿ ಬಿಸಿಲೂ ಬರಲ್ವೋ ಏನೋ" ಎಂದು ನಿಮ್ಮತ್ತೆ ಅನ್ನುತ್ತಿದ್ದಳು. ನೀನು ಎರಡೆರಡು ಸಲ ಹಿಂಡಿದೆ. ಸೋಪು ಹೆಚ್ಚು ಹಾಕಿದೆ. ಮಹಡಿಯ ಮೇಲೆ ಹೊತ್ತುಕೊಂಡು ಹೋಗಿ ಒಣಹಾಕಿದೆ. ವಾಸನೆ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಒಂದು ಬೆಳಗ್ಗೆ, "ಅತ್ತೆ, ಮುಚ್ಚಳ ಸ್ವಲ್ಪ ಹೊತ್ತು ತೆಗೆದಿಡೋಣ್ವಾ? ಒಳಗೇನೋ ನಾರ್ತಿದೆ" ಎಂದೆ. "ಹೂಂ ಕಣೆ, ದೊರೆ ಮನೆ ಯಂತ್ರ ನಾರುತ್ತೆ, ನಿನ್ನ ಕೈ ಘಮಘಮ ಅನ್ನುತ್ತೆ" ಎಂದಳು ಅವಳು. ನಾನು ಅಲ್ಲೇ ಹಲ್ಲುಜ್ಜುತ್ತಿದ್ದೆ. ಬಾಯಿ ಮುಕ್ಕಳಿಸಿ ಒಳಗೆ ಹೋದೆ.

ಶ್ರಾವಣ ಸೋಮವಾರ ಪಾದಪೂಜೆಗೆ ಮಠದ ಅಯ್ಯನವರು ಬಂದಿದ್ದರಲ್ಲ. ನೀನು ಕೊಟ್ಟ ವಸ್ತ್ರವನ್ನು ಮುಖ ಒರೆಸಿಕೊಳ್ಳಲು ಎತ್ತಿದವರು ಹಾಗೆಯೇ ಮಡಿಸಿ ಪಕ್ಕಕ್ಕಿಟ್ಟರು. ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ನಿಮ್ಮತ್ತೆ ತಡೆದುಕೊಳ್ಳುತ್ತಿದ್ದಳೇನೋ. ಮಾರನೆಯ ದಿನ ನಿನ್ನ ಪೆಟ್ಟಿಗೆ ಜಟಕಾ ಏರಿತು. "ಶುಚಿ ಅಂದ್ರೇನು ಅಂತ ಕಲ್ತ ಮೇಲೆ ಬರ್ಲಿ" ಎಂದಳು. ಸೈಕಲ್ಲಿನ ಟೈರು ಆಗಲೇ ಕಲ್ಲಿನಂತೆ ಗಟ್ಟಿಯಾಗಿದ್ದರೂ ನಿನ್ನ ಗಂಡ ಶಂಭು ಅದಕ್ಕೆ ಗಾಳಿ ಹೊಡೆಯುತ್ತಲೇ ಇದ್ದ. ನೀನು ನನ್ನ ಕಾಲು ಮುಟ್ಟಿದೆ. ನಾನು ಒಳ್ಳೆಯದಾಗಲಿ ಎಂದೆ.

ಮುಂದಿನದು ನಿನಗೆ ಗೊತ್ತಿಲ್ಲ. ನೀನು ಹೋದ ಎರಡು ವಾರಕ್ಕೆ, ನಿಮ್ಮತ್ತೆಯೇ ಒಗೆದ ನನ್ನ ಅಂಗಿಯಲ್ಲಿ ಅದೇ ವಾಸನೆ ಬಂತು. ನಾನು ಮೂಸಿದೆ. ನಾನು ಮೂಸಿದ್ದನ್ನು ಅವಳು ನೋಡಿದಳು. ಅಂದಿನಿಂದ ಒಣಗಿದ ಬಟ್ಟೆಗೆ ಸಾಂಬ್ರಾಣಿ ಹೊಗೆ ಹಿಡಿಯತೊಡಗಿದಳು. ಮನೆಯ ಮೂವರಿಗೂ ವಿಷಯ ತಿಳಿಯಿತು. ಒಬ್ಬರೂ ಆಡಲಿಲ್ಲ. ಆಗಲೇ ನಿನ್ನ ಕಾರ್ಡು ಬಂದದ್ದು.

"ಮಾವಯ್ಯನವರಿಗೆ ನಮಸ್ಕಾರಗಳು. ನಾನು ಇಲ್ಲಿಗೆ ಬಂದ ಮೇಲೆ ಅಲ್ಲಿ ಬಟ್ಟೆಯ ವಾಸನೆ ಹೋಯಿತೇ? ಹೋಗಿದ್ದರೆ ತಪ್ಪು ನನ್ನದೇ, ಕಲಿತು ಬರುತ್ತೇನೆ. ಹೋಗದಿದ್ದರೆ ದಯವಿಟ್ಟು ಕರೆಸಿಕೊಳ್ಳಿ."

ಉತ್ತರಕ್ಕೆ ಒಂದು ಸಾಲು ಸಾಕಿತ್ತು. ಬರೆದರೆ ಹೆಂಡತಿಯನ್ನು ಸುಳ್ಳುಗಾತಿ ಮಾಡಿದಂತಾಗುತ್ತದೆ, ದೀಪಾವಳಿಗೆ ಹೇಗೂ ಕರೆಸಬೇಕಲ್ಲ ಎಂದುಕೊಂಡು ಪಂಚಾಂಗದೊಳಗೆ ಇಟ್ಟೆ. ದೀಪಾವಳಿಗೆ ಮುಂಚೆಯೇ ತುಮಕೂರಿನಿಂದ ತಂತಿ ಬಂತು. ವಿಷಮಶೀತ ಜ್ವರ, ಹದಿನೆಂಟು ದಿನ. ಜ್ವರದಲ್ಲಿ ನೀನು ಹೊದಿಕೆಯನ್ನು ಮತ್ತೆ ಮತ್ತೆ ಮೂಗಿಗೆ ಹಿಡಿದು, "ವಾಸನೆ ಬರ್ತಿದ್ಯೇನಮ್ಮ?" ಎಂದು ಕೇಳುತ್ತಿದ್ದೆಯಂತೆ. ಮಣ್ಣು ಮುಗಿಸಿ ಹೊರಡುವಾಗ ನಿಮ್ಮ ತಾಯಿ ಇದನ್ನು ನನಗೆ ಹೇಳಿದರು.

ಕಳೆದ ವಾರ ವೈಯಾಲಿಕಾವಲಿನಿಂದ ಚಂದ್ರಶೇಖರಯ್ಯ ಎಂಬುವರು ಬಂದಿದ್ದರು. ಶಂಭುವಿಗೆ ತಮ್ಮ ಮಗಳನ್ನು ಕೊಡುವ ಮಾತು. ಮೊದಲ ಸೊಸೆ ಯಾಕೆ ತವರಿನಲ್ಲಿದ್ದಳು ಎಂದು ಅವರು ಕೇಳಿದರು. "ಹೋದೋಳ ವಿಷ್ಯ ಬೇಡ ಬಿಡಿ. ಶುಚಿ ಇರ್ಲಿಲ್ಲ. ಪೂಜೆ ಬಟ್ಟೇನೂ ನಾರ್ತಿತ್ತು" ಎಂದಳು ನಿಮ್ಮತ್ತೆ. ಕಾಫಿ ಲೋಟ ಹಿಡಿದು ನಾನು ಮತ್ತೆ ಸುಮ್ಮನಿದ್ದೆ. ಅವರು ಹೋದ ಮೇಲೆ ಆ ಕಾಫಿಯನ್ನು ಕುಡಿಯಲಾಗಲಿಲ್ಲ.

ಮಾರನೆಯ ಬೆಳಗ್ಗೆ ಲಕ್ಕಮ್ಮನನ್ನು ಕರೆತಂದೆ. ಬೀಗದ ಕೈ ಕೇಳಿದೆ. ನಿಮ್ಮತ್ತೆ ಸೊಂಟದಿಂದ ಬಿಚ್ಚಿ ನೆಲದ ಮೇಲೆ ಎಸೆದಳು. ಮುಚ್ಚಳ ತೆಗೆದಾಗ ಲಕ್ಕಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಯಜಮಾನ್ರೆ, ಒದ್ದೆ ಪಾತ್ರೆಗೆ ಯಾರಾನ ಬೀಗ ಹಾಕ್ತಾರಾ?" ಎಂದಳು. ತಿರುಪು ಬಿಚ್ಚಿ ನಡುವಿನ ಗೂಟವನ್ನು ಎತ್ತಿದೆ. ಅಡಿಯಲ್ಲಿ ಅಂಗೈ ದಪ್ಪ ಕಪ್ಪು ಬೂಷ್ಟು. ಸೋಪಿನ ಜಿಡ್ಡು, ನೂಲು, ಕೂದಲು ಸೇರಿ ಕೊಳೆತಿತ್ತು. ನೀನು ಹೆಚ್ಚಾಗಿ ಹಾಕಿದ ಸೋಪೂ ಅದಕ್ಕೇ ಆಹಾರವಾಗಿತ್ತು. ಕುದಿಯುವ ನೀರಿಗೆ ಒಗೆಯುವ ಸೋಡಾ ಹಾಕಿ ತೆಂಗಿನ ನಾರಿನಿಂದ ಮೂರು ದಿನ ಉಜ್ಜಿದೆವು. ರಬ್ಬರ್ ಉರುಳೆಗಳಿಗೆ ನಿಂಬೆಹಣ್ಣು ತಿಕ್ಕಿದೆವು. ನೀರು ಹೋಗುವ ಕೊಳವೆಯಿಂದ ಬಂದದ್ದನ್ನು ಹೇಗೆ ಬರೆಯಲಿ. ಎಲ್ಲವನ್ನೂ ಒಣಬಟ್ಟೆಯಲ್ಲಿ ಒರೆಸಿ ಬಿಸಿಲಿಗಿಟ್ಟೆವು. ನಾಲ್ಕನೆಯ ದಿನ ಒಗೆದ ಟವೆಲಿನಲ್ಲಿ ಬರೀ ನೀರಿನ ವಾಸನೆ ಇತ್ತು. ಅದನ್ನು ಮುಖಕ್ಕೆ ಒತ್ತಿಕೊಂಡು ಎಷ್ಟೋ ಹೊತ್ತು ಕುಳಿತಿದ್ದೆ. "ಆ ಮಗೀಗೆ ಇದನ್ನ ಒಂದ್ಸಲ ಹೇಳಿದ್ರೆ ಆಗ್ತಿತ್ತಲ್ಲ" ಎಂದಳು ಲಕ್ಕಮ್ಮ.

ಕೊಳೆಯಲ್ಲಿ ಒಂದು ಹಿಡಿಯಷ್ಟನ್ನು ಮಡಕೆಯ ಚೂರಿನಲ್ಲಿ ತೆಗೆದಿಟ್ಟಿದ್ದೆ. ಇವತ್ತು ಚಂದ್ರಶೇಖರಯ್ಯನವರು ಮಾತು ಪಕ್ಕಾ ಮಾಡಲು ಬಂದರು. ತಾಂಬೂಲದ ತಟ್ಟೆಯ ಪಕ್ಕ ಅದನ್ನು ತಂದಿಟ್ಟೆ. ವಾಸನೆ ಯಂತ್ರದ್ದು, ಹುಡುಗಿಯದಲ್ಲ, ಬೀಗ ಹಾಕಿದ್ದು ನಾವು ಎಂದೆ. ಅವರು ಅದನ್ನೇ ನೋಡುತ್ತಾ, "ಇದು ನಿಮಗೆ ಯಾವಾಗ ಗೊತ್ತಾಯ್ತು?" ಎಂದರು. ಅವಳು ಬದುಕಿದ್ದಾಗಲೇ, ಎಂದೆ. ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡರು. ತಾಂಬೂಲ ಮುಟ್ಟಲಿಲ್ಲ. "ಸತ್ತೋಳಿಗೋಸ್ಕರ ಇರೋ ಮಗನ ಬಾಳು ಹಾಳ್ಮಾಡಿದ್ರಿ" ಎಂದು ನಿಮ್ಮತ್ತೆ ಕೋಣೆ ಸೇರಿದಳು. ಶಂಭು ಬಚ್ಚಲಿಗೆ ಹೋಗಿ ತೆರೆದ ತೊಟ್ಟಿಯ ಮುಂದೆ ನಿಂತವನು ಇನ್ನೂ ಹೊರಗೆ ಬಂದಿಲ್ಲ.

ಕೊಂಡಿಯನ್ನು ಕಿತ್ತುಹಾಕಿದ್ದೇನೆ.

ನೀನು ಕೇಳಿದ್ದಕ್ಕೆ ಉತ್ತರ ಇದು, ತಾಯಿ: ನೀನು ಹೋದ ಮೇಲೂ ವಾಸನೆ ಹೋಗಲಿಲ್ಲ. ತಪ್ಪು ನಿನ್ನದಾಗಿರಲಿಲ್ಲ. ನಿನ್ನನ್ನು ಕರೆಸಿಕೊಳ್ಳಬೇಕಾಗಿತ್ತು.

ಕ್ಷಮೆ ಕೇಳುವುದಿಲ್ಲ, ಕೊಡುವವಳು ಇಲ್ಲ. ನೀನಿರುವ ಕಡೆ ಬೇಕಾದಷ್ಟು ಬಿಸಿಲಿರಲಿ, ಮಗಳೇ. ಅಲ್ಲಿ ಯಾರೂ ನಿನ್ನ ಬಟ್ಟೆಯನ್ನು ಮೂಸಿ ನೋಡದಿರಲಿ.

ಇತಿ,
ತಡವಾಗಿ ಬರೆದ ನಿನ್ನ ಮಾವ,
ಸಿದ್ದಬಸಪ್ಪ