ಟೇಪಿನ ಕೆಳಗಿನ ಕೆಂಪು ದೀಪ

ತಮ್ಮಾ,

ಕೊಯ್ಲಿನ ಕಾಲ, ಇನ್ನೂ ಬೆಳಕು ಹರಿದಿಲ್ಲ. ನೀನು ಮಲಗಿದ್ದೀಯ, ಎಬ್ಬಿಸಲು ಮನಸ್ಸಾಗಲಿಲ್ಲ. ಅಪ್ಪನನ್ನು ಕಾಲಿನ ಡಾಕ್ಟರ ಹತ್ತಿರ ಕರೆದುಕೊಂಡು ಮೊದಲ ಬಸ್ಸಿಗೆ ಹೊರಟಿದ್ದೇನೆ.

ಕೊಡೆ ತರಲು ಟ್ರ್ಯಾಕ್ಟರ್ ಹತ್ತಿದಾಗ ನೋಡಿದೆ. ಗಿಂಡಿಯಿಂದ ಹನಿ ಬೀಳುವ ಚಿತ್ರವಿದೆಯಲ್ಲ, ಎಂಜಿನ್ ಎಣ್ಣೆಯ ಕೆಂಪು ದೀಪ, ಅದಕ್ಕೆ ಕಪ್ಪು ಟೇಪು ಅಂಟಿಸಿದ್ದೀಯ! ಕಣ್ಣಿಗೆ ಚುಚ್ಚುತ್ತದೆ ಅಂತಲಾ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು. ದೀಪ ಮುಚ್ಚಿದರೆ ಎಂಜಿನ್ ಹೊಟ್ಟೆ ತುಂಬುತ್ತದೇನೋ?

ಟೇಪು ಕಿತ್ತು ಹಾಕಿದ್ದೇನೆ. ಅಳತೆ ಕಡ್ಡಿ ಎಳೆದು ನೋಡಿದರೆ ಎಣ್ಣೆ ಕೆಳಗಿನ ಗೆರೆಯನ್ನೂ ಮುಟ್ಟಿಲ್ಲ. ಮೇಲಿನ ಗೆರೆಯವರೆಗೆ ತುಂಬಿಸು, ಜಾಸ್ತಿ ಬೇಡ. ಕೀ ತಿರುಗಿಸಿದಾಗ ದೀಪ ಹತ್ತಬೇಕು, ಎಂಜಿನ್ ಶುರುವಾದ ಕೂಡಲೇ ಆರಬೇಕು. ಆರದಿದ್ದರೆ ಆಗಲೇ ನಿಲ್ಲಿಸಿ ಮೆಕ್ಯಾನಿಕ್‌ಗೆ ಹೇಳಿಕಳಿಸು. ಲೋಡು ನಾಳೆ ಇಳಿದರೆ ಯಾರ ಗಂಟೂ ಹೋಗುವುದಿಲ್ಲ.

ನೀನು ತೊಟ್ಟಿಲಲ್ಲಿದ್ದಾಗ ಅಪ್ಪನೂ ಹೀಗೇ, "ದೀಪ ತಾನೆ, ಉರೀಲಿ ಬಿಡು, ಇದೊಂದು ಲೋಡು ಇಳಿಸಿ ಬರ್ತೀನಿ" ಅಂದಿದ್ದರು. ಇಳಿಜಾರಿನಲ್ಲಿ ಎಣ್ಣೆಯಿಲ್ಲದೆ ಎಂಜಿನ್ ಕಚ್ಚಿಕೊಂಡು ನಿಂತಿತು, ಹಿಂದಿನ ಟ್ರೈಲರು ನಿಲ್ಲದೆ ಮೇಲೆ ನುಗ್ಗಿತು. ಅವರ ಕಾಲು ಹೋದದ್ದು ಹಾಗೆ. ಇವತ್ತು ನೀನು ಇಳಿಯಬೇಕಾದದ್ದೂ ಅದೇ ದಾರಿ.

ತಿಂಡಿ ಮುಚ್ಚಿಟ್ಟಿದ್ದೇನೆ, ತಿಂದು ಹೊರಡು. ಬಸ್ಸಿನಲ್ಲಿ ಕೂತರೂ ನನ್ನ ಜೀವ ಇಲ್ಲೇ ಇರುತ್ತದೆ.

ಕೀ ಹುಡುಕಬೇಡ. ಎಣ್ಣೆ ಡಬ್ಬದ ಕೆಳಗಿಟ್ಟಿದ್ದೇನೆ, ಡಬ್ಬ ಎತ್ತದೆ ಸಿಗುವುದಿಲ್ಲ.

ಇಂತಿ ನಿನ್ನ ಅಕ್ಕ, ಬುಧವಾರ.